ಹಡಗು ಹತ್ತುವ ಮೊದಲಿನ ಎಪ್ಪತ್ತೆರಡು ಗಂಟೆ

2020ರ ಡಿಸೆಂಬರ್ 9, ಬುಧವಾರ. ಬೆಳಕು ಹರಿಯುವ ಮೊದಲೇ ‘ಕ್ವಾಂಟಮ್ ಆಫ್ ದಿ ಸೀಸ್’ ಹಡಗಿನ ಪ್ರಯಾಣಿಕರಿಗೆ ಸುದ್ದಿ ಮುಟ್ಟಿತ್ತು. ಹಡಗಿನಲ್ಲಿ ಒಬ್ಬರಿಗೆ ಕೋವಿಡ್ ಪಾಸಿಟಿವ್ ಬಂದಿದೆ, ಎಲ್ಲರೂ ತಮ್ಮ ತಮ್ಮ ಕ್ಯಾಬಿನ್‌ನಲ್ಲೇ ಇರಬೇಕು, ಹಡಗು ಸಿಂಗಪುರಕ್ಕೆ ಮರಳುತ್ತಿದೆ. ನಾಲ್ಕು ದಿನಗಳ ವಿಹಾರದ ಮೂರನೆಯ ದಿನವದು. ಬೆಳಿಗ್ಗೆ ಎಂಟರ ಹೊತ್ತಿಗೆ ಹಡಗು ಮರೀನಾ ಬೇ ಕ್ರೂಸ್ ಸೆಂಟರ್‌ನ ದಕ್ಕೆಗೆ ಬಂದು ನಿಂತಿತು. ಒಳಗಿದ್ದವರು 1,680 ಪ್ರಯಾಣಿಕರು, 1,148 ಸಿಬ್ಬಂದಿ. ಮನೆ ಕಣ್ಣಳತೆಯಲ್ಲೇ ಇದ್ದರೂ ಇಳಿಯುವ ಹಾಗಿರಲಿಲ್ಲ. ತಿಂಡಿ, ಊಟ ಕ್ಯಾಬಿನ್ನಿನ ಬಾಗಿಲಿಗೇ ಬಂತು. ಕಿಟಕಿ ಇದ್ದವರು ದಕ್ಕೆಯನ್ನು ನೋಡುತ್ತ ಕೂತರು. ಒಳಕೋಣೆ ಹಿಡಿದವರಿಗೆ ಟಿವಿ, ಮೊಬೈಲು ಎರಡೇ ಗತಿ. ಸಂಪರ್ಕಕ್ಕೆ ಬಂದವರ ಪತ್ತೆ ಮುಗಿದು ಜನ ಇಳಿಯಲು ಶುರುಮಾಡಿದ್ದು ಸಂಜೆ ಕಳೆದ ಮೇಲೆ.

ಪಾಸಿಟಿವ್ ಬಂದದ್ದು 83 ವರ್ಷದ ಹಿರಿಯರೊಬ್ಬರಿಗೆ. ಭೇದಿ ಆಗುತ್ತಿದೆಯೆಂದು ಅವರು ಹಡಗಿನ ವೈದ್ಯಕೀಯ ಕೇಂದ್ರಕ್ಕೆ ಹೋಗಿದ್ದರು. ಅಲ್ಲಿಗೆ ಬಂದವರಿಗೆ ಪರೀಕ್ಷೆ ಮಾಡುವುದು ನಿಯಮ. ಅವರು ಮನೆಯಿಂದ ಹೊರಡುವ ಮುನ್ನವೂ ಪರೀಕ್ಷೆ ಮಾಡಿಸಿಕೊಂಡಿದ್ದರು, ಆಗ ನೆಗೆಟಿವ್ ಬಂದಿತ್ತು. ಈಗ ಪಾಸಿಟಿವ್.

ಹಿರಿಯರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಸಿಂಗಪುರದ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಹಡಗಿನಲ್ಲಿ ತೆಗೆದಿದ್ದ ಅದೇ ಮಾದರಿಯನ್ನು ಮತ್ತೊಮ್ಮೆ ನೋಡಿತು. ನೆಗೆಟಿವ್. ಹೊಸದಾಗಿ ಮಾದರಿ ತೆಗೆದು ನೋಡಿತು. ಅದೂ ನೆಗೆಟಿವ್. ಮರುದಿನ ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿದ ಮೇಲೆ, ಅವರಿಗೆ ಸೋಂಕೇ ಇರಲಿಲ್ಲವೆಂದು ಆರೋಗ್ಯ ಸಚಿವಾಲಯ ಪ್ರಕಟಿಸಿತು. ಅವರ ನಿಕಟ ಸಂಪರ್ಕದವರಿಗೆ ಹಾಕಿದ್ದ ಕ್ವಾರಂಟೈನ್ ಆದೇಶವನ್ನೂ ತೆಗೆದುಹಾಕಿತು. ಅಷ್ಟರಲ್ಲಿ ಆ ವಿಹಾರ ಮುಗಿದುಹೋಗಿತ್ತು. ಮುಂದಿನ ಯಾನವೂ ರದ್ದಾಗಿತ್ತು.

ಹಡಗಿನವರು, ಸರ್ಕಾರದವರು ಹೆದರಿಬಿಟ್ಟರು ಎಂದು ಈಗ ಹಿಂತಿರುಗಿ ನೋಡಿ ಹೇಳುವುದು ಅನ್ಯಾಯ. ಅಂದು ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಹಾಗೆ ಹೇಳಬೇಕಾದರೆ ಅದಕ್ಕೆ ಹತ್ತು ತಿಂಗಳ ಹಿಂದೆ ಜಪಾನಿನ ಯೊಕೊಹಾಮಾದಲ್ಲಿ ಏನಾಗಿತ್ತು ಎಂಬುದನ್ನು ನೆನೆಯಬೇಕು.

‘ಡೈಮಂಡ್ ಪ್ರಿನ್ಸೆಸ್’ 2020ರ ಜನವರಿ 20ರಂದು ಯೊಕೊಹಾಮಾದಿಂದ ಹೊರಟಾಗ ಯಾರನ್ನೂ ಯಾರೂ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಬೇಕೆಂದು ಯಾರಿಗೂ ಹೊಳೆಯುವ ಕಾಲವೂ ಅದಾಗಿರಲಿಲ್ಲ. ಒಬ್ಬ ಪ್ರಯಾಣಿಕರು ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋದರು. ಫೆಬ್ರುವರಿ 1ರಂದು ಅವರಿಗೆ ಸೋಂಕು ಖಚಿತವಾಯಿತು. ಹಡಗು ಯೊಕೊಹಾಮಾಕ್ಕೆ ಮರಳಿದ ಮೇಲೆ ಜ್ವರ, ಕೆಮ್ಮು ಇದ್ದವರನ್ನೂ ಅವರ ಹತ್ತಿರದವರನ್ನೂ ಮೊದಲು ಪರೀಕ್ಷಿಸಿದರು. ಮೊದಲು ಫಲಿತಾಂಶ ಬಂದ 31 ಜನರಲ್ಲಿ 10 ಮಂದಿ ಪಾಸಿಟಿವ್. ಫೆಬ್ರುವರಿ 5ರಿಂದ ಎರಡು ವಾರ ಎಲ್ಲರೂ ಹಡಗಿನಲ್ಲೇ ಬಂದಿಯಾದರು. ಕೊನೆಗೆ 3,711 ಜನರಲ್ಲಿ 712 ಮಂದಿಗೆ ಸೋಂಕು ತಗುಲಿತು. ಹನ್ನೆರಡಕ್ಕೂ ಹೆಚ್ಚು ಮಂದಿ ತೀರಿಹೋದರು.

ಆ ಹಡಗಿನಲ್ಲಿ 138 ಭಾರತೀಯರಿದ್ದರು. ಅವರಲ್ಲಿ 132 ಮಂದಿ ಕೆಲಸಗಾರರು, ಆರೇ ಮಂದಿ ಪ್ರಯಾಣಿಕರು. ಕಾರವಾರದ ಯುವಕನೊಬ್ಬ ಸಿಬ್ಬಂದಿಯಲ್ಲಿದ್ದ. ಅವನ ಮನೆಯವರ ಆತಂಕ ಆ ದಿನಗಳ ಕನ್ನಡ ಪತ್ರಿಕೆಗಳಲ್ಲಿ ಬಂದಿತ್ತು. ಫೆಬ್ರುವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ಹೊತ್ತು ದೆಹಲಿಗೆ ಬಂತು, ಅಲ್ಲಿಂದ ಅವರನ್ನು ಮಾನೇಸರದ ಸೇನಾ ಕೇಂದ್ರಕ್ಕೆ ಕರೆದೊಯ್ದು ಮತ್ತೆ ಹದಿನಾಲ್ಕು ದಿನ ಇರಿಸಿದರು. ಸೋಂಕು ತಗುಲಿದ್ದ ಭಾರತೀಯರು ಜಪಾನಿನ ಆಸ್ಪತ್ರೆಗಳಲ್ಲೇ ಉಳಿದರು.

ಕ್ರೂಸ್ ಪ್ರವಾಸಕ್ಕೂ ಕೋವಿಡ್ ಪರೀಕ್ಷೆಗೂ ಗಂಟು ಬಿದ್ದದ್ದು ಇಲ್ಲಿಂದ. ಡೈಮಂಡ್ ಪ್ರಿನ್ಸೆಸ್ ಕಲಿಸಿದ ದೊಡ್ಡ ಸಂಗತಿಯೆಂದರೆ, ಕಣ್ಣಿಗೆ ಕಾಣುವ ಕಾಯಿಲೆಯನ್ನು ನಂಬಿ ಕೂರುವಂತಿಲ್ಲ ಎನ್ನುವುದು. ಫೆಬ್ರುವರಿ 20ರವರೆಗೆ ಸೋಂಕು ಖಚಿತವಾಗಿದ್ದ 634 ಮಂದಿಯಲ್ಲಿ 328 ಜನಕ್ಕೆ ಪರೀಕ್ಷೆಯ ಹೊತ್ತಿಗೆ ಯಾವ ಲಕ್ಷಣವೂ ಇರಲಿಲ್ಲ. ಮೈ ಬೆಚ್ಚಗಿಲ್ಲ, ಕೆಮ್ಮಿಲ್ಲ, ಊಟ ಸೇರುತ್ತಿದೆ, ಆದರೂ ಒಳಗೆ ವೈರಸ್ಸಿದೆ.

ಮಾರ್ಚ್ ತಿಂಗಳಲ್ಲಿ ಅರ್ಜೆಂಟೀನಾದ ಉಶುವಾಯಾದಿಂದ ಅಂಟಾರ್ಕ್ಟಿಕಾದ ಕಡೆಗೆ ಹೊರಟ ‘ಗ್ರೆಗ್ ಮೋರ್ಟಿಮರ್’ ಎಂಬ ಪುಟ್ಟ ಹಡಗು ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿತು. ಹತ್ತುವ ಮುನ್ನ ಪ್ರತಿಯೊಬ್ಬರ ಜ್ವರ ನೋಡಿದ್ದರು. ಆ ಹೊತ್ತಿಗೆ ಸೋಂಕು ಹೆಚ್ಚಿದ್ದ ದೇಶಗಳನ್ನು ಹಾದು ಬಂದವರನ್ನು ಸೇರಿಸಿಕೊಂಡಿರಲಿಲ್ಲ. ಮೊದಲ ಜ್ವರ ಕಾಣಿಸಿಕೊಂಡದ್ದು ಎಂಟನೆಯ ದಿನ. ಯಾವ ಬಂದರೂ ಸೇರಿಸಿಕೊಳ್ಳದೆ ಕೊನೆಗೆ ಉರುಗ್ವೆಯ ಮೊಂಟೆವಿಡಿಯೊ ಬಳಿ ಹಡಗು ನಿಂತಾಗ 217 ಜನರನ್ನು ಪರೀಕ್ಷಿಸಿದರು. 128 ಮಂದಿ ಪಾಸಿಟಿವ್. ಅವರಲ್ಲಿ ನೂರಕ್ಕೆ ಎಂಬತ್ತೊಂದು ಮಂದಿಗೆ ಲಕ್ಷಣವೇ ಇರಲಿಲ್ಲ. ಹಣೆಗೆ ಹಿಡಿದ ಥರ್ಮಾಮೀಟರಿನಿಂದ ಹಡಗನ್ನು ಕಾಯಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ.

ಅದೇ ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಕ್ರೂಸ್ ಹಡಗುಗಳು ಹೊರಡಕೂಡದೆಂದು ಆದೇಶ ಹೊರಡಿಸಿತು. ಅಲ್ಲಿನ ದಕ್ಕೆಗಳಿಂದ ದೊಡ್ಡ ಹಡಗು ಮತ್ತೆ ಹಣ ಕೊಟ್ಟ ಪ್ರಯಾಣಿಕರನ್ನು ಹೊತ್ತು ಹೊರಡಲು 2021ರ ಜೂನ್ 26ರವರೆಗೆ ಕಾಯಬೇಕಾಯಿತು. ಅಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ‘ಸೆಲೆಬ್ರಿಟಿ ಎಡ್ಜ್’ ಹೊರಟಿತು. ಆದರೆ ಯುರೋಪಿನಲ್ಲಿ, ಸಿಂಗಪುರದಲ್ಲಿ ಹಡಗುಗಳು ಅದಕ್ಕೂ ಮೊದಲೇ ಓಡತೊಡಗಿದ್ದವು, ಒಂದು ಷರತ್ತಿನ ಮೇಲೆ. ಮೊದಲು ಮೂಗು ತೋರಿಸಬೇಕು, ಆಮೇಲೆ ಟಿಕೆಟ್ಟು.

ಸಿಂಗಪುರದ ಏರ್ಪಾಡು ಬಹಳ ಕಟ್ಟುನಿಟ್ಟಿನದು. ಊರಿನಿಂದ ಹೊರಟು, ಯಾವ ಬಂದರಿಗೂ ಹೋಗದೆ, ಸಮುದ್ರದಲ್ಲಿ ಒಂದು ಸುತ್ತು ಹಾಕಿ ಅದೇ ಊರಿಗೆ ಮರಳುವ ಯಾನಗಳು. ಸಿಂಗಪುರದ ನಿವಾಸಿಗಳಿಗೆ ಮಾತ್ರ ಅವಕಾಶ. ಹಡಗಿನ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಜನರನ್ನು ಹತ್ತಿಸುವಂತಿಲ್ಲ. 2020ರ ನವೆಂಬರ್ 6ರಂದು ‘ವರ್ಲ್ಡ್ ಡ್ರೀಮ್’ ಹೊರಟಿತು, ಡಿಸೆಂಬರಿನಲ್ಲಿ ಕ್ವಾಂಟಮ್. ಫೋನಿನಲ್ಲಿ ಟ್ರೇಸ್‌ಟುಗೆದರ್ ಆ್ಯಪ್ ಇರಬೇಕು ಅಥವಾ ಕುತ್ತಿಗೆಯಲ್ಲಿ ಅದರ ಟೋಕನ್ ತೂಗುತ್ತಿರಬೇಕು. ಕ್ವಾಂಟಮ್‌ನಲ್ಲಿ ಕೈಗೆ ಒಂದು ಪಟ್ಟಿಯನ್ನೂ ಕಟ್ಟುತ್ತಿದ್ದರು. ಯಾರ ಪಕ್ಕದಲ್ಲಿ ಎಷ್ಟು ಹೊತ್ತು ಇದ್ದಿರಿ ಎಂಬ ಲೆಕ್ಕವನ್ನು ಅದು ಇಡುತ್ತಿತ್ತು. ವಿದೇಶಕ್ಕೆ ಹಾರಲಾಗದೆ, ಊರಿಗೆ ಬರಲಾಗದೆ ತಿಂಗಳುಗಟ್ಟಲೆ ಆ ಪುಟ್ಟ ದ್ವೀಪದಲ್ಲೇ ಇದ್ದವರಿಗೆ ಈ ಸುತ್ತು ಸಣ್ಣ ಸಂತೋಷವೇನಲ್ಲ. ನೀರಿನ ಮೇಲೆ ಮೂರು ರಾತ್ರಿ ಕಳೆಯಲು ಅವರು ಎಲ್ಲ ಷರತ್ತಿಗೂ ತಲೆಯಾಡಿಸಿದರು.

ಹೀಗೆ ಪ್ರವಾಸಕ್ಕೆ ಒಂದು ಹೊಸ ಮುನ್ನುಡಿ ಸೇರಿಕೊಂಡಿತು. ಹಿಂದೆಲ್ಲ ಪೆಟ್ಟಿಗೆ ಕಟ್ಟುವುದು, ಕರೆನ್ಸಿ ಬದಲಿಸುವುದು, ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವುದು ಇಷ್ಟರಲ್ಲಿ ಹೊರಡುವ ಮೊದಲಿನ ದಿನಗಳು ಕಳೆಯುತ್ತಿದ್ದವು. ಆಗ ಹೊರಡುವ ದಿನದಿಂದ ಹಿಂದಕ್ಕೆ ಗಂಟೆ ಎಣಿಸಬೇಕಾಯಿತು. ಎಪ್ಪತ್ತೆರಡು ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ಎಂದರೆ ಮಾದರಿ ಕೊಟ್ಟ ಹೊತ್ತಿನಿಂದಲೋ, ವರದಿ ಬಂದ ಹೊತ್ತಿನಿಂದಲೋ? ಬೇಗ ಕೊಟ್ಟರೆ ಅವಧಿ ಮೀರುತ್ತದೆ, ತಡವಾಗಿ ಕೊಟ್ಟರೆ ವರದಿ ಕೈಸೇರುವುದಿಲ್ಲ. ನಡುವೆ ಭಾನುವಾರ ಬಂದರೆ ಲ್ಯಾಬ್ ತೆರೆದಿರುತ್ತದೆಯೇ? ಗಡುವು ಹಡಗು ಹೊರಡುವ ಗಳಿಗೆಗೋ, ದಕ್ಕೆಯಲ್ಲಿ ಕಾಗದ ತೋರಿಸುವ ಗಳಿಗೆಗೋ?

ಇದರ ಮೇಲೆ ಮನೆಯೊಳಗಿನ ಪಹರೆ ಬೇರೆ. ಮಗು ಸೀನಿದರೆ ಎಲ್ಲರೂ ತಿರುಗಿ ನೋಡುವರು. “ನೆಗಡಿ ಅಲ್ಲ ಕಣ್ರೀ, ಎಸಿ ಗಾಳಿಗೆ ಸೀನು ಬಂತು ಅಷ್ಟೆ” ಎಂದು ಹೆಂಡತಿ. “ಆದ್ರೂ ಈ ವಾರ ಮದುವೆಗೆ ಹೋಗೋದು ಬೇಡ, ಫೋನಲ್ಲೇ ಹೇಳಿಬಿಡು” ಎಂದು ಗಂಡ. ಅಂಗಡಿಗೆ ಹೋಗುವುದು ನಿಂತಿತು, ನೆಂಟರು ಬರುತ್ತೇವೆಂದರೆ ಕಾರಣ ಹುಡುಕುವುದಾಯಿತು. ರಜೆ ಹಾಕಿ, ಹಣ ಕಟ್ಟಿ, ವಿಮಾನದ ಟಿಕೆಟ್ ತೆಗೆದು ಕೂತ ನಾಲ್ವರ ಮನೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೂ ನಾಲ್ವರ ಪ್ರವಾಸವೂ ಮುಗಿದಂತೆ. ಬಹಳಷ್ಟು ಹಡಗು ಸಂಸ್ಥೆಗಳು ಪಾಸಿಟಿವ್ ಬಂದವರ ಹಣ ವಾಪಸ್ ಕೊಡುತ್ತಿದ್ದವು ಇಲ್ಲವೇ ಮುಂದಿನ ಯಾನಕ್ಕೆ ಜಮೆ ಮಾಡುತ್ತಿದ್ದವು. ಆದರೆ ವಿಮಾನ, ಹೋಟೆಲ್ ಖರ್ಚು ಅದರೊಳಗೆ ಬರಲೇಬೇಕೆಂದಿರಲಿಲ್ಲ. ರೋಗದ ಭಯಕ್ಕಿಂತ ಫಲಿತಾಂಶದ ಭಯ ದೊಡ್ಡದಾಗಿ ಬೆಳೆದದ್ದು ಹೀಗೆ. ಆ ಭಯ ಹುಚ್ಚು ಭಯವಲ್ಲ. ಮಧ್ಯಮ ವರ್ಗದ ಸಂಸಾರ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಒಂದು ಹತ್ತಿಯ ಕಡ್ಡಿಯ ತುದಿಗೆ ಬಂದು ನಿಂತಿತ್ತು.

ಆ ಕಡ್ಡಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉದ್ದನೆಯ, ಬಾಗುವ ಕಡ್ಡಿ ಮೂಗಿನ ಹೊಳ್ಳೆಯಿಂದ ನೇರ ಹಿಂದಕ್ಕೆ, ಗಂಟಲ ಮೇಲ್ಭಾಗದವರೆಗೆ ಹೋಗುತ್ತದೆ. ಕಣ್ಣಲ್ಲಿ ತಾನಾಗಿ ನೀರು ಬರುತ್ತದೆ. ಅಲ್ಲಿ ಕೆಲ ಸೆಕೆಂಡು ತಿರುಗಿಸಿ ಹೊರತೆಗೆದು, ಸಣ್ಣ ಕೊಳವೆಯ ದ್ರಾವಣದಲ್ಲಿ ಅದ್ದಿ, ಕಡ್ಡಿಯ ಹಿಡಿಕೆ ಮುರಿದು, ಮುಚ್ಚಳ ತಿರುಗಿಸುತ್ತಾರೆ. ಲ್ಯಾಬಿನಲ್ಲಿ ಆ ದ್ರಾವಣದಿಂದ ಆರ್‌ಎನ್‌ಎ ಬೇರ್ಪಡಿಸಿ, ಡಿಎನ್‌ಎ ರೂಪಕ್ಕೆ ತಂದು, ಯಂತ್ರದೊಳಗೆ ಬಿಸಿ–ತಂಪು ಮಾಡುತ್ತ ಸುತ್ತು ಸುತ್ತಿಗೂ ಇಮ್ಮಡಿ ಮಾಡುತ್ತಾರೆ. ಎಷ್ಟನೆಯ ಸುತ್ತಿನಲ್ಲಿ ಗುರುತು ಕಾಣಿಸಿತು ಎಂಬುದೇ ಸಿಟಿ ಮೌಲ್ಯ. ಭಾರತದಲ್ಲಿ ಐಸಿಎಂಆರ್ 35ರ ಗಡಿ ಹಾಕಿತ್ತು. ಅದರೊಳಗೆ ಕಾಣಿಸಿದರೆ ಪಾಸಿಟಿವ್. ಸುತ್ತು ಹೆಚ್ಚಿದಷ್ಟೂ ಇದ್ದ ವೈರಸ್ ಅಂಶ ಕಡಿಮೆ ಎಂದರ್ಥ.

ಈ ವಿಧಾನದ ಬಲವೇ ಅದರ ತೊಡಕೂ ಹೌದು. ಇದು ಎಷ್ಟು ಸೂಕ್ಷ್ಮವೆಂದರೆ, ಕಾಯಿಲೆ ವಾಸಿಯಾಗಿ ವಾರಗಳಾದ ಮೇಲೂ ಉಳಿದ ಚೂರುಪಾರು ಆರ್‌ಎನ್‌ಎಯನ್ನು ಹೆಕ್ಕಿ ತೋರಿಸಬಲ್ಲದು. ಹಾಗಾಗಿ ಇತ್ತೀಚೆಗೆ ಸೋಂಕಿನಿಂದ ಗುಣವಾದವರಿಗೆ ತೊಂಬತ್ತು ದಿನಗಳ ಮಟ್ಟಿಗೆ ಚೇತರಿಕೆಯ ಪ್ರಮಾಣಪತ್ರ ಸಾಕು ಎಂಬ ನಿಯಮವನ್ನು ಅಮೆರಿಕ ತಂದಿತು. ಇನ್ನೊಂದು ಕಡೆ ಆ್ಯಂಟಿಜನ್ ಪರೀಕ್ಷೆ. ಹದಿನೈದು ನಿಮಿಷದಲ್ಲಿ ಉತ್ತರ, ಕಡಿಮೆ ಖರ್ಚು. ಆದರೆ 2020ರ ಜೂನ್‌ನಲ್ಲಿ ಐಸಿಎಂಆರ್ ಅಂಥ ಮೊದಲ ಕಿಟ್ಟಿಗೆ ಒಪ್ಪಿಗೆ ಕೊಟ್ಟಾಗ, ಸೋಂಕಿತರನ್ನು ಅದು ಹಿಡಿಯುವ ಪ್ರಮಾಣ ನೂರಕ್ಕೆ 50.6ರಿಂದ 84ರವರೆಗೆ ಎಂದು ತಾನೇ ಪ್ರಕಟಿಸಿತ್ತು. ಒಂದು ಲೆಕ್ಕ ಹಾಕಿ ನೋಡಬಹುದು. ಮೂರು ಸಾವಿರ ಜನರ ಹಡಗು. ಇನ್ನೂರಕ್ಕೆ ಒಬ್ಬರಲ್ಲಿ ಸೋಂಕಿದೆ ಎಂದುಕೊಂಡರೆ ದಕ್ಕೆಗೆ ಬಂದವರಲ್ಲಿ ಹದಿನೈದು ಸೋಂಕಿತರು. ಪರೀಕ್ಷೆ ಐವರಲ್ಲಿ ನಾಲ್ವರನ್ನು ಹಿಡಿದರೂ ಮೂವರು ಹಡಗು ಹತ್ತುತ್ತಾರೆ. ಅವರು ಸುಳ್ಳು ಹೇಳಿದವರಲ್ಲ, ನಿಯಮ ಮುರಿದವರಲ್ಲ. ಕೈಯಲ್ಲಿ ನೆಗೆಟಿವ್ ವರದಿ ಇರುವವರೇ.

ಪರೀಕ್ಷೆ ಹೇಳುವುದು ಮಾದರಿ ತೆಗೆದ ಆ ಗಳಿಗೆಯ ಸಂಗತಿಯನ್ನು ಮಾತ್ರ. ಪ್ರವಾಸಿಗಳು, ಹಡಗಿನವರು, ಬಂದರಿನ ಅಧಿಕಾರಿಗಳು ಅದರಿಂದ ಕೇಳುತ್ತಿದ್ದದ್ದು ಮುಂದಿನ ವಾರವಿಡೀ ನಿಲ್ಲುವ ಭರವಸೆ. ಇವೆರಡರ ನಡುವಿನ ಅಂತರದಲ್ಲೇ ಆ ಎರಡು ವರ್ಷಗಳ ತಳಮಳವೆಲ್ಲ ಇತ್ತು. ಸೋಂಕು ತಗುಲಿದ ಮರುದಿನ ಮಾದರಿ ಕೊಟ್ಟವರಿಗೆ ನೆಗೆಟಿವ್ ಬರುವುದು ಸಹಜ; ವೈರಸ್ ಬೆಳೆದು ಪತ್ತೆಗೆ ಸಿಗಲು ದಿನಗಳು ಬೇಕು. ಆ ದಿನಗಳು ಹಡಗಿನಲ್ಲಿ, ಊಟದ ಹಾಲಿನಲ್ಲಿ, ಲಿಫ್ಟಿನಲ್ಲಿ ಕಳೆಯುತ್ತವೆ.

‘ಸೀಡ್ರೀಮ್ 1’ ಹಡಗಿನಲ್ಲಿ ಹೀಗೇ ಆಯಿತು. ಸಾಂಕ್ರಾಮಿಕದ ನಂತರ ಕೆರಿಬಿಯನ್ ಸಮುದ್ರದಲ್ಲಿ ಮೊದಲು ವಿಹಾರ ಶುರುಮಾಡಿದ ಹಡಗದು. 2020ರ ನವೆಂಬರ್‌ನಲ್ಲಿ ಐವತ್ತು ಚಿಲ್ಲರೆ ಪ್ರಯಾಣಿಕರನ್ನು ಕರೆದುಕೊಂಡು ಬಾರ್ಬಡೋಸ್‌ನಿಂದ ಹೊರಟಿತ್ತು. ಹೊರಡುವ ಮುನ್ನ ಪಿಸಿಆರ್, ಹತ್ತುವಾಗ ಇನ್ನೊಂದು ಪರೀಕ್ಷೆ. ಆದರೂ ಯಾನದ ನಡುವೆ ಒಬ್ಬರಿಗೆ ಮೈ ಸರಿಯಿಲ್ಲವೆನಿಸಿತು, ಪರೀಕ್ಷಿಸಿದರೆ ಪಾಸಿಟಿವ್. ಹಡಗು ಬ್ರಿಜ್‌ಟೌನ್‌ಗೆ ಮರಳಿತು, ಇನ್ನೂ ಕೆಲವರಲ್ಲಿ ಸೋಂಕು ಕಂಡಿತು, ಸಂಸ್ಥೆ ಆ ಹಂಗಾಮಿನ ಉಳಿದ ಯಾನಗಳನ್ನೆಲ್ಲ ಕೈಬಿಟ್ಟಿತು.

ಇಟಲಿಯ ಅನುಭವ ಬೇರೆ ಥರದ್ದು, ಅದರಿಂದ ಕಲಿಯಬೇಕಾದದ್ದು ಹೆಚ್ಚು. 2020ರ ಆಗಸ್ಟ್ 16ರಂದು ಜಿನೋವಾದಿಂದ ‘ಎಂಎಸ್‌ಸಿ ಗ್ರಾಂಡಿಯೋಸಾ’ ಹೊರಟಾಗ ದಕ್ಕೆಯಲ್ಲೇ ಪ್ರತಿಯೊಬ್ಬರ ಆ್ಯಂಟಿಜನ್ ಪರೀಕ್ಷೆ ಆಯಿತು. ಅನುಮಾನ ಬಂದರೆ ಅಲ್ಲೇ ಪಿಸಿಆರ್. ಊರು ನೋಡಲು ಇಳಿದರೂ ಗುಂಪು ಬಿಟ್ಟು ಹೋಗುವಂತಿಲ್ಲ. ಹಡಗಿನವರು ಗೊತ್ತುಮಾಡಿದ ಬಸ್ಸು, ಅವರದೇ ಮಾರ್ಗದರ್ಶಿ. ಎರಡು ದಿನ ಕಳೆದು ನೇಪಲ್ಸ್ ಕಡೆ ಇಳಿದಾಗ ಒಂದು ಕುಟುಂಬ ಗುಂಪು ಬಿಟ್ಟು ತನ್ನಷ್ಟಕ್ಕೆ ಸುತ್ತಾಡಿ ಬಂತು. ಮತ್ತೆ ಹಡಗು ಹತ್ತಲು ಅವರನ್ನು ಬಿಡಲಿಲ್ಲ. ಸುದ್ದಿ ಹಬ್ಬಿದಾಗ ಇದು ಅತಿಯಾಯಿತು ಎಂದು ಅನೇಕರಿಗೆ ಅನಿಸಿತ್ತು. ಅತಿಯಾಗಿರಲಿಲ್ಲ. ದಕ್ಕೆಯಲ್ಲಿ ಮಾಡಿದ ಪರೀಕ್ಷೆಗೆ ಬೆಲೆ ಇರುವುದು ಆಮೇಲಿನ ನಡತೆಯಿಂದ. ನಡುವೆ ಒಂದು ಸಂಜೆ ಊರೊಳಗೆ ಬೆರೆತು ಬಂದರೆ ಆ ಕಾಗದ ಹಳೆಯದಾಯಿತು.

ಸಿಂಗಪುರಕ್ಕೇ ಮರಳಿದರೆ, 2021ರ ಜುಲೈನಲ್ಲಿ ‘ವರ್ಲ್ಡ್ ಡ್ರೀಮ್’ ಹಡಗಿನಲ್ಲಿ ನಡೆದದ್ದು ಕ್ವಾಂಟಮ್‌ನ ಪ್ರಸಂಗಕ್ಕೆ ತಿರುಗುಮುರುಗು. ಹತ್ತುವಾಗ ನೆಗೆಟಿವ್ ಇದ್ದ ಪ್ರಯಾಣಿಕರೊಬ್ಬರು ದಡದ ಮೇಲಿನ ಸೋಂಕಿತರ ಸಂಪರ್ಕದಲ್ಲಿದ್ದದ್ದು ಯಾನದ ನಡುವೆ ತಿಳಿದುಬಂತು. ಹಡಗಿನಲ್ಲಿ ಪರೀಕ್ಷಿಸಿದರೆ ಪಾಸಿಟಿವ್, ದಡದಲ್ಲಿ ಮರುಪರೀಕ್ಷೆಯಲ್ಲೂ ಪಾಸಿಟಿವ್. ಆ ಸಲ ಹಡಗನ್ನು ತಿರುಗಿಸಿದ್ದು ನಿಜವಾದ ಸೋಂಕಿಗೇ. ಏಳು ತಿಂಗಳ ಹಿಂದೆ ಸುಳ್ಳು ಕರೆಗೆ ಓಡಿಬಂದು ರೂಢಿಯಾಗಿದ್ದ ಬಂದರು ಈ ಸಲವೂ ಅಷ್ಟೇ ಚುರುಕಾಗಿ ಕೆಲಸ ಮಾಡಿತು.

ನಮ್ಮಲ್ಲಿ ಆ ಹೊತ್ತಿಗೆ ಪರೀಕ್ಷೆಯೆಂದರೆ ಪ್ರವಾಸದ ಮಾತೇ ಅಲ್ಲ. 2021ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನವರಿಗೆ ಅದು ಹಾಸಿಗೆ ಸಿಗುವ, ಸಿಗದಿರುವ ಪ್ರಶ್ನೆ. ಮಾದರಿ ಕೊಟ್ಟಾಗ ಬರುವ ಎಸ್‌ಆರ್‌ಎಫ್ ಐಡಿ, ಪಾಸಿಟಿವ್ ಬಂದ ಮೇಲೆ ಬರುವ ಬಿಯು ನಂಬರು. ಆ ನಂಬರಿಗಾಗಿ ಜನ ಮೊಬೈಲ್ ಹಿಡಿದು ಕೂತ ರಾತ್ರಿಗಳನ್ನು ಆ ಊರು ಮರೆತಿಲ್ಲ. ಅದೇ ವರದಿ ವಿದೇಶಕ್ಕೆ ಹೋಗುವವರ ಕೈಯಲ್ಲಿ ಪ್ರಯಾಣದ ಕಾಗದವಾಯಿತು. 2021ರ ಮೇ 22ರಿಂದ ಭಾರತದಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಗಳಿಗೆ ಕ್ಯೂಆರ್ ಕೋಡ್ ಇರುವ ವರದಿಯೇ ಬೇಕೆಂದಾಯಿತು. ನಕಲಿ ವರದಿಗಳ ಹಾವಳಿ ತಡೆಯಲು ಅದು ಬೇಕೂ ಇತ್ತು. ಆದರೆ ಲ್ಯಾಬಿನ ಕೌಂಟರಿನಲ್ಲಿ ಹೊಸ ಪೇಚಾಟ ಶುರುವಾಯಿತು. ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಸೇರಿ ಉದ್ದಕ್ಕೆ ಬಿಡಿಸಿ ಬರೆದ ಹೆಸರು. ಆಧಾರ್ ನೋಡಿ ಲ್ಯಾಬಿನವರು ಬರೆದದ್ದು ಎರಡು ಇನಿಷಿಯಲ್ ಇರುವ ಗಿಡ್ಡ ಹೆಸರು. ಹೊರಡುವ ಹಿಂದಿನ ರಾತ್ರಿ ವರದಿ ಬಂದಾಗ ನೆಗೆಟಿವ್ ಎಂದು ಕಂಡ ಸಂತೋಷ ಮರುಗಳಿಗೆಗೇ ಹೆಸರಿನ ಸಾಲಿಗೆ ಬಂದು ನಿಲ್ಲುತ್ತಿತ್ತು. ಪಾಸ್‌ಪೋರ್ಟ್ ನಂಬರು ಸೇರಿಸಿ, ಹೆಸರು ತಿದ್ದಿ ಕೊಡಿ ಎಂದು ಲ್ಯಾಬಿಗೆ ಮತ್ತೆ ಮತ್ತೆ ಫೋನು. ದಕ್ಕೆಯಲ್ಲೋ ವಿಮಾನ ನಿಲ್ದಾಣದಲ್ಲೋ ಕಾಗದ ನೋಡುವವರಿಗೆ ನಮ್ಮ ಹೆಸರುಗಳ ಕ್ರಮ ತಿಳಿಯದು. ಅಕ್ಷರಕ್ಕೆ ಅಕ್ಷರ ಕೂಡಿದರೆ ಮಾತ್ರ ಅವರಿಗೆ ಅದು ಅದೇ ಮನುಷ್ಯ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಬಗೆಯ ಅನುಭವ. ಒಮೈಕ್ರಾನ್ ಹಬ್ಬಿದ ಮೇಲೆ ಮಯಾಮಿ ಮೊದಲಾದ ಬಂದರುಗಳಿಂದ ಹೊರಡುವ ಹಡಗುಗಳು ಎರಡು ದಿನದೊಳಗಿನ ಪರೀಕ್ಷೆ ಕೇಳತೊಡಗಿದವು. ಭಾನುವಾರ ಹಡಗು ಹೊರಡುವುದಾದರೆ ಶುಕ್ರವಾರಕ್ಕಿಂತ ಮೊದಲಿನ ಪರೀಕ್ಷೆ ನಡೆಯದು. ಶನಿವಾರ ವಿಮಾನ ಹತ್ತಬೇಕು. ಫಾರ್ಮಸಿಗಳಲ್ಲಿ ಹೊತ್ತು ಗೊತ್ತುಮಾಡಿಕೊಳ್ಳಲು ಜಾಗವೇ ಸಿಗದು. ಆಗ ಕೈಹಿಡಿದದ್ದು ವಿಡಿಯೊ ಕರೆಯಲ್ಲಿ ಒಬ್ಬರು ನೋಡುತ್ತಿರುವಾಗ ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ. ಅಬಾಟ್ ಕಂಪನಿಯ ಬೈನಾಕ್ಸ್‌ನೌ ಕಿಟ್ಟನ್ನು ಮೇಜಿನ ಮೇಲಿಟ್ಟು, ಲ್ಯಾಪ್‌ಟಾಪಿನ ಕ್ಯಾಮರಾವನ್ನು ಅದಕ್ಕೆ ತಿರುಗಿಸಿ ಕೂರಬೇಕು. ಗುರುತಿನ ಚೀಟಿ ತೋರಿಸಬೇಕು. ಪುಸ್ತಕದಂತೆ ತೆರೆಯುವ ರಟ್ಟಿನ ಕಾರ್ಡು. ಅದರ ಮೇಲಿನ ತೂತಿಗೆ ಆರು ಹನಿ ದ್ರಾವಣ. ಎರಡೂ ಹೊಳ್ಳೆಗಳಲ್ಲಿ ಕಡ್ಡಿ ಆಡಿಸಿ, ಕೆಳಗಿನ ತೂತಿನಿಂದ ಮೇಲಕ್ಕೆ ತೂರಿಸಿ, ಬಲಕ್ಕೆ ಮೂರು ಸುತ್ತು ತಿರುಗಿಸಿ, ಅಂಟಿನ ಹಾಳೆ ಕಿತ್ತು ಕಾರ್ಡು ಮಡಚಬೇಕು. ಆಮೇಲೆ ಹದಿನೈದು ನಿಮಿಷ ಅದನ್ನು ಮುಟ್ಟುವಂತಿಲ್ಲ, ಕ್ಯಾಮರಾದ ಕಣ್ಣಿನಿಂದ ಆಚೆ ಸರಿಸುವಂತಿಲ್ಲ. ಒಂದೇ ಗೆರೆ ಮೂಡಿದರೆ ಹೊರಡಬಹುದು. ಅದರ ಕೆಳಗೆ ಮಸುಕಾಗಿ ಇನ್ನೊಂದು ಗುಲಾಬಿ ಗೆರೆ ಮೂಡಿದರೂ ಪ್ರವಾಸ ಅಲ್ಲಿಗೆ ನಿಂತಿತು. ಆ ಹದಿನೈದು ನಿಮಿಷ ಮನೆಮಂದಿಯೆಲ್ಲ ಮೇಜಿನ ಸುತ್ತ ಸುಮ್ಮನೆ ನಿಂತದ್ದನ್ನು ಹಾದುಬಂದ ಯಾರೂ ಮರೆಯಲಾರರು.

ಪರೀಕ್ಷೆ, ಲಸಿಕೆ ಎರಡೂ ಇದ್ದ ಆ ಚಳಿಗಾಲದಲ್ಲೇ ಹಡಗುಗಳಲ್ಲಿ ಸೋಂಕು ಸಿಡಿಯಿತು. ಅಮೆರಿಕದ ಕಡಲಿನ ಹಡಗುಗಳಲ್ಲಿ 2021ರ ನವೆಂಬರ್ 30ರಿಂದ ಡಿಸೆಂಬರ್ 14ರವರೆಗೆ ಸಿಡಿಸಿಗೆ ವರದಿಯಾದದ್ದು 162 ಪ್ರಕರಣ. ಮುಂದಿನ ಎರಡು ವಾರದಲ್ಲಿ 5,013. ಡಿಸೆಂಬರ್ 30ರಂದು, ಲಸಿಕೆ ಪಡೆದಿದ್ದರೂ ಕ್ರೂಸ್ ಪ್ರವಾಸ ಬೇಡವೆಂದು ಸಿಡಿಸಿ ಎಚ್ಚರಿಸಿತು. ಒಂದೇ ಸಮಾಧಾನವೆಂದರೆ ಡೈಮಂಡ್ ಪ್ರಿನ್ಸೆಸ್‌ನ ದಿನಗಳಂತೆ ಆಸ್ಪತ್ರೆ ಸೇರಿದವರ ಸಾಲು ಈ ಸಲ ಕಾಣಲಿಲ್ಲ. ಲಸಿಕೆ ತನ್ನ ಕೆಲಸ ಮಾಡಿತ್ತು.

ಅದೇ ಹೊಸ ವರ್ಷದ ಹೊತ್ತಿಗೆ ನಮ್ಮ ಪಡುವಣ ಕಡಲಲ್ಲೂ ಅದೇ ಕಥೆ ನಡೆಯಿತು. ಮುಂಬೈಯಿಂದ ಗೋವಾಕ್ಕೆ ಹೊರಟ ಕೊರ್ಡೀಲಿಯಾ ಹಡಗಿನಲ್ಲಿ ಎರಡು ಸಾವಿರದಷ್ಟು ಜನರಿದ್ದರು. ಸಿಬ್ಬಂದಿಯಲ್ಲಿ ಸೋಂಕು ಕಂಡದ್ದರಿಂದ ಮುರ್ಮುಗೋವಾದಲ್ಲಿ ಪ್ರಯಾಣಿಕರನ್ನು ಇಳಿಸಲು ಬಿಡದೆ ಎಲ್ಲರ ಮಾದರಿ ತೆಗೆದರು. 2022ರ ಜನವರಿ 3ರಂದು ಫಲಿತಾಂಶ ಬಂತು. 66 ಮಂದಿ ಪಾಸಿಟಿವ್. ಹಡಗು ಮುಂಬೈಗೆ ಮರಳಿತು. ಅಲ್ಲಿ ಉಳಿದವರನ್ನು ಮತ್ತೆ ಪರೀಕ್ಷಿಸಿದಾಗ ಇನ್ನೂ ನೂರಕ್ಕೂ ಹೆಚ್ಚು ಮಂದಿಯಲ್ಲಿ ಸೋಂಕಿತ್ತು.

ಈ ಎಲ್ಲ ಕಥೆಗಳಲ್ಲಿ ಪ್ರಯಾಣಿಕರ ಆತಂಕ ಸುಲಭವಾಗಿ ಕಿವಿಗೆ ಬೀಳುತ್ತದೆ. ಕೆಳಗಿನ ಡೆಕ್ಕುಗಳಲ್ಲಿ, ಕಿಟಕಿಯಿಲ್ಲದ ಕೋಣೆಗಳಲ್ಲಿ ಇಬ್ಬಿಬ್ಬರಾಗಿ ಮಲಗುವವರ ದನಿ ಅಷ್ಟು ಕೇಳಿಸಲಿಲ್ಲ. ಡೈಮಂಡ್ ಪ್ರಿನ್ಸೆಸ್‌ನಲ್ಲಿ ಪ್ರಯಾಣಿಕರು ಕೋಣೆಯಲ್ಲಿ ಬಂದಿಯಾಗಿದ್ದಾಗ ಅವರ ಬಾಗಿಲಿಗೆ ಊಟ ತಂದಿಟ್ಟವರು ಇವರೇ. ಅಲ್ಲಿ ಸಿಬ್ಬಂದಿಯಲ್ಲಿ ಮೊದಲು ಪತ್ತೆಯಾದ 20 ಪ್ರಕರಣಗಳನ್ನು ತನಿಖೆ ಮಾಡಿದಾಗ 15 ಮಂದಿ ಅಡುಗೆ, ಬಡಿಸುವ ವಿಭಾಗದವರು, 16 ಮಂದಿ ಒಂದೇ ಡೆಕ್ಕಿನಲ್ಲಿ ವಾಸವಿದ್ದವರು. ಪ್ರಯಾಣಿಕರಿಗೆ ಕ್ವಾರಂಟೈನ್ ಇತ್ತು, ಅವರಿಗೆ ಡ್ಯೂಟಿ ಇತ್ತು. ಹತ್ತುವ ಮೊದಲಿನ ಪರೀಕ್ಷೆ ರಗಳೆ ಎಂದು ಗೊಣಗಿದ ಪ್ರವಾಸಿಗೆ ಇದು ಗೊತ್ತಿದ್ದರೆ ಗೊಣಗಾಟ ನಿಲ್ಲುತ್ತಿತ್ತು. ಆ ಪರೀಕ್ಷೆ ಪ್ರವಾಸಿಯ ರಜೆಯನ್ನು ಕಾಯುವುದಕ್ಕಿಂತ ಹೆಚ್ಚಾಗಿ, ರಜೆ ಹಾಕಿ ಮನೆಗೆ ಹೋಗುವ ಆಯ್ಕೆ ಇಲ್ಲದವರನ್ನು ಕಾಯುತ್ತಿತ್ತು.

ಕಾರವಾರದಿಂದ ಮಂಗಳೂರಿನವರೆಗೆ, ಗೋವಾದಲ್ಲಿ, ‘ಶಿಪ್ಪಿನಲ್ಲಿ ಕೆಲಸ’ ಮಾಡುವ ಮಗನಿರುವ ಮನೆಗಳು ಎಷ್ಟೋ ಇವೆ. 2020ರ ಮಾರ್ಚ್‌ನಲ್ಲಿ ಹಡಗುಗಳು ನಿಂತಾಗ ಅವರಲ್ಲಿ ಅನೇಕರು ಕಡಲಿನಲ್ಲೇ ಸಿಕ್ಕಿಹಾಕಿಕೊಂಡರು. ಏಪ್ರಿಲ್ 21ರಂದು ಕೇಂದ್ರ ಗೃಹ ಸಚಿವಾಲಯ ನಾವಿಕರು ಇಳಿಯುವುದಕ್ಕೂ ಹತ್ತುವುದಕ್ಕೂ ಕ್ರಮ ಗೊತ್ತುಮಾಡಿತು. ಮೊದಲು ಕೋವಿಡ್ ಪರೀಕ್ಷೆ, ಫಲಿತಾಂಶ ಬಂದ ಮೇಲೆ ನೆಲ. ಎರಡು ದಿನದಲ್ಲಿ ‘ಮರೆಲ್ಲಾ ಡಿಸ್ಕವರಿ’ ಹಡಗಿನ ನೂರನಲವತ್ತಕ್ಕೂ ಹೆಚ್ಚು ಭಾರತೀಯ ಸಿಬ್ಬಂದಿ ಮುಂಬೈಯಲ್ಲಿ ಇಳಿದರು. ಮುಂದೆ ಕೆಲಸಕ್ಕೆ ಮರಳುವಾಗ ಅವರು ಹಾದುಹೋದ ಪರೀಕ್ಷೆಗಳು ಯಾವ ಪ್ರವಾಸಿಗಿಂತಲೂ ಹೆಚ್ಚು. ಮನೆ ಬಿಡುವ ಮೊದಲೊಂದು, ವಿಮಾನಕ್ಕೊಂದು, ಹಡಗು ಹತ್ತುವಾಗೊಂದು, ಆಮೇಲೆ ಕೆಲಸದ ನಡುವೆ ಮತ್ತೆ ಮತ್ತೆ. ಪ್ರವಾಸಿಗೆ ಪಾಸಿಟಿವ್ ಎಂದರೆ ತಪ್ಪಿಹೋದ ರಜೆ, ಇವರಿಗೆ ತಪ್ಪಿಹೋದ ಕಾಂಟ್ರಾಕ್ಟು. ಊರಿನಲ್ಲಿ ಮನೆ ಸಾಲದ ಕಂತು ಕಾಯುತ್ತಿರುತ್ತದೆ.

ಮಂಗಳೂರಿಗೆ ಈ ಸಂಗತಿ ಇನ್ನೊಂದು ದಾರಿಯಿಂದಲೂ ಹತ್ತಿರ. 2020ರ ಮಾರ್ಚ್ 7ರಂದು ‘ಎಂಎಸ್‌ಸಿ ಲಿರಿಕಾ’ ಪಣಂಬೂರಿನ ನವಮಂಗಳೂರು ಬಂದರಿಗೆ ಬರಬೇಕಿತ್ತು. ಅದಕ್ಕೆ ಒಳಬರಲು ಅನುಮತಿ ಸಿಗಲಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಹೇಳಬಲ್ಲ ಪರೀಕ್ಷೆ ಆಗ ಬಂದರಿನ ಕೈಯಲ್ಲಿರಲಿಲ್ಲ. ಬಾಗಿಲು ಹಾಕುವುದೊಂದೇ ದಾರಿ. ಕ್ರೂಸ್ ಹಂಗಾಮಿನ ಮೇಲೆ ನೆಚ್ಚಿಕೊಂಡಿದ್ದ ಟ್ಯಾಕ್ಸಿಯವರು, ಗೈಡುಗಳು, ಅಂಗಡಿಯವರು ಆ ಬಾಗಿಲು ಮತ್ತೆ ತೆರೆಯುವುದನ್ನು ಎರಡೂವರೆ ವರ್ಷಕ್ಕೂ ಮೀರಿ ಕಾದರು.

ಅಷ್ಟರಲ್ಲಿ ಜಗತ್ತಿನಲ್ಲಿ ನಿಯಮಗಳು ಒಂದೊಂದಾಗಿ ಸಡಿಲವಾದವು. ಅಮೆರಿಕಕ್ಕೆ ಹಾರುವವರಿಗೆ ಇದ್ದ ಪರೀಕ್ಷೆಯ ಕಡ್ಡಾಯ 2022ರ ಜೂನ್ 12ರಂದು ಹೋಯಿತು. ಜುಲೈ 18ರಂದು ಸಿಡಿಸಿ ಕ್ರೂಸ್ ಹಡಗುಗಳ ಕೋವಿಡ್ ಕಾರ್ಯಕ್ರಮವನ್ನೇ ಮುಗಿಸಿ, ತೀರ್ಮಾನವನ್ನು ಹಡಗು ಸಂಸ್ಥೆಗಳಿಗೆ ಬಿಟ್ಟಿತು. ಭಾರತಕ್ಕೆ ಬರುವವರು ತುಂಬಬೇಕಿದ್ದ ಏರ್ ಸುವಿಧಾ ನಮೂನೆ ನವೆಂಬರ್ 22ಕ್ಕೆ ಕೊನೆಗೊಂಡಿತು. ಅದಾಗಿ ಒಂದು ವಾರದೊಳಗೆ, ನವೆಂಬರ್ 28ರಂದು, ‘ಎಂಎಸ್ ಯುರೋಪಾ 2’ ನವಮಂಗಳೂರು ಬಂದರಿಗೆ ಬಂತು. ಸಾಂಕ್ರಾಮಿಕದ ನಂತರ ಅಲ್ಲಿಗೆ ಬಂದ ಮೊದಲ ವಿಹಾರ ನೌಕೆ. 271 ಪ್ರಯಾಣಿಕರು, 373 ಸಿಬ್ಬಂದಿ. ಆರೋಗ್ಯ ತಪಾಸಣೆಯ ಕೌಂಟರುಗಳನ್ನು ದಾಟಿ ಹೊರಬಂದವರು ಬಸ್ಸು ಹತ್ತಿ ಕಾರ್ಕಳದ ಗೊಮ್ಮಟನನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನವನ್ನೂ ನೋಡಿ ಬಂದರು. ಹಡಗು ಕೊಚ್ಚಿಯ ಕಡೆ ಹೊರಟಿತು.

ತಿಂಗಳು ಕಳೆದು ಚೀನಾದಲ್ಲಿ ಸೋಂಕು ಏರಿದಾಗ ನಿಯಮ ಮತ್ತೆ ಬಂತು. 2023ರ ಜನವರಿ 1ರಿಂದ ಚೀನಾ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಭಾರತಕ್ಕೆ ಬರುವವರು ಎಪ್ಪತ್ತೆರಡು ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತರಬೇಕಾಯಿತು. ಫೆಬ್ರುವರಿ 13ರಂದು ಅದನ್ನೂ ತೆಗೆದರು.